ಪಾರ್ಕಿನಲ್ಲಿ ಕಾಯುವ ನಾಯಿಗಳು

೧೦ ಜನವರಿ ೨೦೦೭, ಬುಧವಾರ. ಕುದುರೆಮುಖ.

ಇವತ್ತು ಕಾರಂಜಿಯ ಹತ್ತಿರವೂ ನಾಯಿ ಇರಲಿಲ್ಲ.

ಗಣಿ ನಿಂತ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿದವರೆಲ್ಲ ನಾಯಿಗಳನ್ನು ಇಲ್ಲೇ ಬಿಟ್ಟು ಹೋದರು. ಅವು ಈ ದೊಡ್ಡ ಪಾರ್ಕಿನಲ್ಲಿ, ತಮ್ಮ ಮನೆಯವರು ದಿನಾ ಕೂರುತ್ತಿದ್ದ ಜಾಗದಲ್ಲೇ ಕಾಯುತ್ತಿದ್ದವು. ಸಂಜೆ ಮಗಳು ಕವನಾಳನ್ನೂ ನಮ್ಮ ನಾಯಿ ಮೋತಿಯನ್ನೂ ಕರೆದುಕೊಂಡು ಒಂದು ಸುತ್ತು ಹೋದೆ. ಚಳಿ, ಮಂಜು ಬೇಗ ಇಳಿದಿತ್ತು. ಗಡಿಯಾರದ ಕಂಬದ ಕೆಳಗೆ ಒಂದೂ ಇಲ್ಲ. ಮರದ ಸೇತುವೆಯ ಮೇಲೂ ಇಲ್ಲ. ಜಾರುಬಂಡೆಯ ಬುಡದಲ್ಲಿ ಪಕ್ಕದ ಮನೆಯ ನಾಯಿ ಜೂಲಿಯ ಕತ್ತಿನ ಕೆಂಪು ಬೆಲ್ಟು ಮಾತ್ರ ಬಿದ್ದಿತ್ತು. ಮೋತಿ ಅದನ್ನು ಮೂಸಿದವನೇ ನನ್ನ ಕಾಲಿಗೆ ಅಂಟಿಕೊಂಡ.

ವಾಚ್‌ಮನ್ ತಯ್ಯಬ್ ದೂರದಿಂದಲೇ ಕೂಗಿದರು. "ಅಕ್ಕಾ, ಮಗೂನ ಕರ್ಕೊಂಡು ಮನೆಗೆ ಹೋಗಿ ಮಾರಾಯ್ರೆ. ಚಿರತೆಗೆ ರುಚಿ ಹತ್ತಿದೆ. ಇನ್ನು ಉಳಿದಿರೋದು ನಿಮ್ದೊಂದೇ."

ಊಟಕ್ಕೆ ಕೂತಾಗ ಕವನಾ ಕೇಳಿದಳು. "ಅಪ್ಪಾ, ನಾಳೆ ಮೋತಿ ಲಾರೀಲಿ ನನ್ನ ಪಕ್ಕ ಕೂತ್ಕೊಳ್ತಾನೆ ಅಲ್ವಾ?"

ಇವರು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡರು. ನಾಳೆ ನಾವು ಹೋಗುವ ಚಿಕ್ಕಮಗಳೂರಿನ ಬಾಡಿಗೆ ಮನೆಯ ಮಾಲೀಕರು ನಾಯಿ ಬೇಡ ಎಂದಿದ್ದಾರೆ.

ಮೋತಿ ಮಂಚದ ಕೆಳಗಿನಿಂದ ಹೊರಗೆ ಬರುತ್ತಿಲ್ಲ. ಪಾರ್ಕಿನಲ್ಲಿ ನಾನು ದಿನಾ ಕೂರುವ ಕಲ್ಲುಬೆಂಚು ಅವನಿಗೆ ಚೆನ್ನಾಗಿ ಗೊತ್ತು.