ಗಾಳಿಯಂತ್ರಕ್ಕೆ ಮಂಗಳಾರತಿ

ಕಾಂದಿವಲಿ
೧೮ ಜನವರಿ ೨೦೨೫

ಬೆಳಗಾವಿಯಲ್ಲಿ ಗಡೀಪಾರಾಗಿ ಕುಳಿತ ನನ್ನ ಪ್ರಾಣನಾಥರಿಗೆ,

ಕಾಂದಿವಲಿಯ ರಣರಂಗದಿಂದ ಸೌಮ್ಯಾಳ ನಮಸ್ಕಾರಗಳು. ಸಂಕ್ರಾಂತಿಗೆ ಮುಟ್ಟಬೇಕಿದ್ದ ಕಾಗದವನ್ನು ಇವತ್ತು ಬರೆಯುತ್ತಿದ್ದೇನೆ, ಕ್ಷಮಿಸಿ. ಕುಸುರೆಳ್ಳು ಹಂಚಿ ಸವಿ ಮಾತಾಡುವ ಹಬ್ಬದಂದು ನನ್ನ ಬಾಯಲ್ಲಿ ಬೆಂಕಿ ಬಿಟ್ಟು ಬೇರೇನೂ ಇರಲಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಕಂಠ ನಿಮಗೆ ಗೊತ್ತಿಲ್ಲವೇ? ಮೈಕಿಲ್ಲದೆ ಕಟ್ಟಕಡೆಯ ಸಾಲಿಗೂ ಮುಟ್ಟಬೇಕೆಂದು ಅಪ್ಪ ನಾಟಕ ಕಂಪನಿಯಲ್ಲಿ ತಿದ್ದಿ ಬೆಳೆಸಿದ ಕಂಠ! ಗುಟ್ಟು ಹೇಳಿದರೂ ಇಡೀ ಬಿಲ್ಡಿಂಗಿಗೆ ಕೇಳುತ್ತದೆ. ಈ ಕಾಗದದ ಕೊನೆಯ ಮಾತು ಅಡುಗೆಮನೆಯಲ್ಲಿರುವ ನಿಮ್ಮ ಅವ್ವನಿಗೂ ಕೇಳಕೂಡದು.

ಉಸಿರಾಟ ಹೇಗಿದೆ? ಮೆಟ್ಟಿಲು ಹತ್ತಿದರೆ ಈಗಲೂ ಎದೆ ಸುಂಯ್‌ಗುಡುತ್ತದೆಯೇ? ಮುಂಬಯಿಯ ಗಾಳಿ ನಿಮಗೆ ಆಗದೆಂದು ಡಾಕ್ಟರು ಊರು ಬಿಡಿಸಿದಾಗ, ಸ್ಟೇಷನ್ನಿನಲ್ಲಿ ನಾನು ಮಾಡಿದ ಪ್ರತಿಜ್ಞೆ ನೆನಪಿದೆಯಲ್ಲ? "ಹಿತ್ತಲಿನ ಆ ಕಾಂಕ್ರೀಟ್ ಪ್ಲಾಂಟನ್ನು ಎಬ್ಬಿಸಿ ಯುಗಾದಿಗೆ ನಿಮ್ಮನ್ನು ಮನೆಗೆ ಕರೆಸದಿದ್ದರೆ ನಾನು ವಿಜ್ಞಾನಿಯೇ ಅಲ್ಲ!" ಹಮಾಲರೂ ಗಂಟು ಇಳಿಸಿ ನೋಡುತ್ತ ನಿಂತಿದ್ದರು.

ಆ ಪ್ರತಿಜ್ಞೆಯ ಗತಿ ಕೇಳಿ.

ಗಾಳಿಯ ದೂಳು ಅಳೆಯುವ ಯಂತ್ರವನ್ನು ದಸರೆಗೆ ಮುಂಚೆ ನಮ್ಮ ಟೆರೇಸಿನ ಮೇಲೆ ಇಟ್ಟದ್ದು ನಿಮಗೆ ಗೊತ್ತು. ಸೊಸೈಟಿಯ ಸೆಕ್ರೆಟರಿ ಅದಕ್ಕೂ ಸತಾಯಿಸಿದ. "ಮ್ಯಾಡಮ್, ಇದರಿಂದ ಟಿವಿ ಸಿಗ್ನಲ್ ಹೋಗ್ತದಾ?" ಹೋಗಲಪ್ಪ, ನಿನ್ನ ಧಾರಾವಾಹಿಯೂ ಹೋಗಲಿ! ದಿನಾ ಬೆಳಿಗ್ಗೆ, ಸಂಜೆ ಗ್ರಾಫು ಗೋಪುರದಂತೆ ಎದ್ದು ನಿಲ್ಲುತ್ತಿತ್ತು. ಪ್ಲಾಂಟಿನ ಲಾರಿಗಳು ಹೊರಡುವ ಹೊತ್ತೂ ಅದೇ. ಸಿಕ್ಕಿಬಿದ್ದ ಕಳ್ಳ! ಈ ತಿಂಗಳ ಮೊದಲಲ್ಲಿ ವಾರ್ಡಿನ ಸಭೆಗೆ ವರದಿ ಕೊಟ್ಟು, ಎದ್ದು ನಿಂತು, ಪ್ಲಾಂಟಿನವರ ಕಡೆ ಕೈಚಾಚಿ ಗರ್ಜಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಹಿಂದೆ ಯಾರೋ "ಒನ್ಸ್ ಮೋರ್" ಅಂದರು. ಅಂದಿದ್ದೂ ಆಯಿತು, ನಾನು ಇನ್ನೊಮ್ಮೆ ಗರ್ಜಿಸಿದ್ದೂ ಆಯಿತು.

ಆಗ ಪ್ಲಾಂಟಿನ ಇಂಜಿನಿಯರ್ ಪ್ರಶಾಂತ ಎದ್ದ. ಮೂಲ್ಕಿ ಕಡೆಯವನು, ಹುಟ್ಟಿ ಬೆಳೆದದ್ದು ಸಾಂತಾಕ್ರೂಜಿನಲ್ಲಿ. "ಮ್ಯಾಡಮ್, ಸಂಡೇ ನಮ್ಮ ಪ್ಲಾಂಟ್ ಬಂದ್ ಉಂಟು. ಮತ್ತೆ ಸಂಡೇ ಕೂಡ ನಿಮ್ಮ ಗ್ರಾಫ್ ಮೇಲೆ ಹೋಗ್ತದೆ. ವೋ ಕೈಸೆ?"

ನನ್ನ ಬಾಯಿಗೆ ಬೀಗ. ಮದುವೆಯಾದಾಗಿನಿಂದ ನೀವು ನೋಡಬೇಕೆಂದಿದ್ದ ದೃಶ್ಯ, ನೀವಿಲ್ಲದಾಗಲೇ ನಡೆದುಹೋಯಿತು.

ಮುಂದಿನ ರವಿವಾರ ಬೆಳಿಗ್ಗೆ ಟೆರೇಸಿನ ನೀರಿನ ಟಾಕಿಯ ಹಿಂದೆ ಅವಿತು ಕುಳಿತೆ. ಬಾಗಿಲು ಕಿರ್ರೆಂದಿತು. ಪ್ರವೇಶ: ಮಾತೆ ಅಂಬವ್ವ! ಒಂದು ಕೈಯಲ್ಲಿ ಲೋಬಾನದ ಧೂಪಾರತಿ, ಇನ್ನೊಂದರಲ್ಲಿ ಕರ್ಪೂರದ ತಟ್ಟೆ. ನಿಮ್ಮ ಅವ್ವ ನನ್ನ ಯಂತ್ರಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿಗಳನ್ನು ಅದು ಗಾಳಿ ಎಳೆಯುವ ಕೊಳವೆಯ ಬುಡದಲ್ಲೇ ಸಿಗಿಸಿ, ಹೊಗೆಯನ್ನು ಸೆರಗಿನಿಂದ ಒಳಕ್ಕೆ ಬೀಸುತ್ತಿದ್ದಾರೆ!

"ಅತ್ತಿ! ಏನ್ ಮಾಡಾಕತ್ತೀರಿ?"

ಪಾರಿವಾಳಗಳೆಲ್ಲ ಹಾರಿಹೋದವು. ಅವರು ಅಲುಗಲಿಲ್ಲ. "ಒದರಬ್ಯಾಡ, ಆರತಿ ಆರತದ. ಖಂಡೇಪೂಜಿ ದಿನಾ ಎಲ್ಲಾರೂ ತಮ್ಮ ಹತಾರ ಪೂಜಾ ಮಾಡ್ತಾರ. ನೀ ಆಫೀಸಿಗೆ ಓಡಿದಿ, ನಿನ್ನ ಹತಾರಕ್ಕ ಯಾರು ಮಾಡಬೇಕು?"

"ಅದು ದಸರಾಕ್ಕಾತು. ದಿನಾ ಎರಡು ಹೊತ್ತು ಯಾಕ್ರೀ?"

"ನೀನ ಅಂದಿಲ್ಲೇನು, ಈ ಯಂತ್ರ ನನ್ನ ಮಗಾ ಸಂತೂನ್ನ ಮನಿಗೆ ಕರಕೊಂಡ ಬರ್ತದಂತ? ಬರೇ ಬಾಯಿಲೆ ಕೇಳಿದ್ರ ಯಾವ ದೇವರು ಕೊಡ್ತಾನವಾ?"

ನಾನು ತೋರಿಸಿದ ಗೋಪುರಗಳೆಲ್ಲ ನಿಮ್ಮ ಅವ್ವನ ಭಕ್ತಿ! ನಿಮಗಾಗಿ ಹಚ್ಚಿದ ಹೊಗೆಯೇ ನಿಮ್ಮ ದಾರಿಗೆ ಅಡ್ಡ ನಿಂತಿದೆ. ಸಭೆಗೆ ಪತ್ರ ಬರೆದು ವರದಿ ವಾಪಸು ಪಡೆದೆ. ನಮ್ಮ ಸಂಸ್ಥೆಯ ಹಿರಿಯರು ಕನ್ನಡಕ ತೆಗೆದು, "ಸೌಮ್ಯಾ, ಸ್ಥಳ ಆರಿಸುವಾಗ ನಿಮ್ಮ ಅತ್ತೆಯನ್ನು ಗಮನಿಸಲಿಲ್ಲವೇ?" ಎಂದರು. ಇಡೀ ಚಳಿಗಾಲದ ಅಳತೆ ರದ್ದು. ಬರುವ ಚಳಿಗಾಲಕ್ಕೆ ಮೊದಲಿನಿಂದ ಶುರು. ಆದ್ದರಿಂದ ಈ ಯುಗಾದಿಯ ಮಾತು ಬಿಡಿ, ಮುಂದಿನದನ್ನು ನೋಡೋಣ.

ಅವ್ವ ಕುಸುರೆಳ್ಳಿನ ಡಬ್ಬಿ ಕಳಿಸಿದ್ದಾರೆ, ಒಬ್ಬರೇ ಮುಗಿಸಬೇಡಿ. ಬೆಳಗಾವಿಯ ಥಂಡಿಯಲ್ಲಿ ಮಫ್ಲರು ಕಟ್ಟಿಕೊಳ್ಳಿ. ನಿಮ್ಮ ಎದೆ ಹಗುರಾಗಿರಲಿ, ನಿದ್ದೆ ತುಂಬಿ ಬರಲಿ, ಇಷ್ಟೇ ನನ್ನ ಹರಕೆ.

ಹೆಸರಿಗಷ್ಟೇ ಸೌಮ್ಯಳಾದ ನಿಮ್ಮ,
ಸೌಮ್ಯಾ

ತಾ.ಕ.: ಮುಂದಿನ ಯುಗಾದಿ ಎಂದು ಬರೆದೆನಲ್ಲ, ಅದನ್ನು ನಂಬಬೇಡಿ. ಪೂಜೆಯ ಹೊತ್ತುಗಳನ್ನು ತೆಗೆದುಹಾಕಿ, ಉಳಿದದ್ದನ್ನು ನನಗೋಸ್ಕರ ನೋಡಿದೆ. ಪ್ಲಾಂಟ್ ನಡೆದ ದಿನವೂ ಒಂದೇ, ರವಿವಾರವೂ ಒಂದೇ. ಡಿಸೆಂಬರಿನಲ್ಲಿ ರಿಪೇರಿಗೆಂದು ವಾರವಿಡೀ ಮುಚ್ಚಿತ್ತು, ಆಗಲೂ ಅದೇ ಗಾಳಿ. ನಿಮ್ಮ ಎದೆ ತಾಳುವಂಥ ದಿನ ಅದರಲ್ಲಿ ಒಂದೂ ಇಲ್ಲ. ಅಪ್ಪ ಖಳನಾಯಕನ ಪಾರ್ಟು ಮಾಡುತ್ತಿದ್ದ. ಆ ಖಳ ಸತ್ತು ಬಿದ್ದರೆ ಪರದೆ ಇಳಿಯುತ್ತಿತ್ತು, ಎಲ್ಲರೂ ಮನೆಗೆ ಹೋಗುತ್ತಿದ್ದರು. ಇಲ್ಲಿ ನಾನು ಯಾರನ್ನು ಕೆಡವಲಿ? ಪ್ಲಾಂಟನ್ನು ಎಬ್ಬಿಸಿದರೂ ನೀವು ಇಲ್ಲಿಗೆ ಬರಲಾಗುವುದಿಲ್ಲ ರೀ.

ಅವ್ವನಿಗೆ ಹೇಳಿಲ್ಲ. ಇವತ್ತು ಬೆಳಿಗ್ಗೆ ಧೂಪವಿಲ್ಲದೆ, ದೀಪವಿಲ್ಲದೆ, ಯಂತ್ರದ ಮೇಲೆ ಒಂದು ಸೇವಂತಿಗೆ ಇಟ್ಟು ಕೇಳುತ್ತಿದ್ದರು: "ಈಗರ ಖರೇ ಹೇಳಪಾ, ನನ್ನ ಮಗಾ ಯಾವಾಗ ಬರ್ತಾನ?" ನಾನು ಅವರ ಹಿಂದೆಯೇ ಬಾಗಿಲಲ್ಲಿ ನಿಂತಿದ್ದೆ. ಅಷ್ಟು ಹತ್ತಿರದವರಿಗೆ ಕೇಳುವಷ್ಟೂ ನನ್ನ ಧ್ವನಿ ಹೊರಡಲಿಲ್ಲ.