ಎಂಟನೇ ನಂಬರಿನ ಹಲಗೆ ಎತ್ತಿದ ಬಗ್ಗೆ

ದಿನಾಂಕ: ಇದೇ ತಿಂಗಳ ಹನ್ನೆರಡು, ಬುಧವಾರ

ಇವರಿಂದ: ಕೆಳಮನೆಯಲ್ಲಿರುವ ತಂದೆ
ಇವರಿಗೆ: ಮಹಡಿಯ ಮೇಲಿರುವ ಮಗ

ಪ್ರಕರಣದ ವಿವರಗಳು:

೧. ಆಟಗಾರ: ನೀನು. ವಯಸ್ಸು ಮೂವತ್ತೊಂಬತ್ತು. ವಾರದ ದಿನಗಳಲ್ಲಿ ಮುದ್ರಣಾಲಯದ ಕಾಗದ ಕತ್ತರಿಸುವ ಯಂತ್ರದ ಮುಂದೆ. ಭಾನುವಾರ ಫುಟ್‌ಬಾಲ್ ಮೈದಾನದ ನಟ್ಟನಡುವೆ, ಎಂಟನೇ ನಂಬರಿನ ಅಂಗಿಯಲ್ಲಿ.

೨. ಸೇವಾವಧಿ: ಮೂರು ಕ್ಲಬ್ಬುಗಳಲ್ಲಿ ಇಪ್ಪತ್ತು ವರ್ಷ. ಹೊಡೆದ ಗೋಲು ಹನ್ನೊಂದು. ಅದರಲ್ಲಿ ಒಂದು ನಮ್ಮದೇ ಗೋಲಿನೊಳಕ್ಕೆ. ಇತರರು ಹೊಡೆಯಲೆಂದು ಒದಗಿಸಿಕೊಟ್ಟ ಚೆಂಡುಗಳಿಗೆ ಲೆಕ್ಕವಿಲ್ಲ.

೩. ಸದರಿ ತಂಡದ ಕೋಚ್: ಅದೂ ನೀನೇ. ಬೇರೆ ಯಾರೂ ಒಪ್ಪದ ಕಾರಣ.

೪. ಬದಲಿ ಆಟಗಾರರ ನಂಬರ್ ಹಲಗೆ ಎತ್ತುವವನು: ನಾನು. ಗೌರವ ಸೇವೆ.

ಚಿರಂಜೀವಿಗೆ ತಂದೆಯ ಮನಃಪೂರ್ವಕ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ಹೆಂಡತಿಯ ಮುಖಾಂತರ ಊಟದ ಹೊತ್ತಿಗೆಲ್ಲ ತಿಳಿದುಬರುತ್ತಿದೆ. ಪತ್ರ ತಡವಾದದ್ದಕ್ಕೆ ವಿಷಾದಿಸುತ್ತೇನೆ. ಕಚೇರಿಯಲ್ಲಿ ಜೀವಮಾನವಿಡೀ ಪರರ ಅರ್ಜಿಗಳನ್ನು ನಕಲು ಮಾಡಿದ ಕೈ ಇದು. ಸ್ವಂತ ಅಹವಾಲಿಗೆ ಕೂತರೆ ಮೊದಲ ವಾಕ್ಯದಲ್ಲೇ ಎಡವುತ್ತದೆ.

"ಮಾವ, ಮೇಲೆ ತಾನೇ ಇದ್ದಾರೆ? ಒಂದು ಸಲ ಕೂಗಿದ್ರೆ ಕೇಳಿಸುತ್ತೆ. ಇದಕ್ಕೂ ಕಾಗದ ಬೇಕಾ?" ಎಂದು ನಿನ್ನ ಹೆಂಡತಿ ಕೇಳಿದಳು.

ಕೂಗಿದ ಮಾತಿಗೆ ದಾಖಲೆಯಿರುವುದಿಲ್ಲ ಎಂದೆ. ಮೇಲಾಗಿ ನನ್ನ ಎಡ ಮೊಣಕಾಲು ಮೆಟ್ಟಿಲು ಹತ್ತದು. ನಿನ್ನ ಎಡ ಮೊಣಕಾಲು ಇಳಿಯದು.

"ಸರಿ ಬಿಡಿ. ಅಪ್ಪ ಮಗನ ಜಗಳದಲ್ಲಿ ನನ್ನ ಕಾಲು ಸವೀಲಿ" ಎಂದಳು. ಆ ಆಕ್ಷೇಪಣೆಯನ್ನೂ ಇಲ್ಲಿ ದಾಖಲಿಸಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ಪಂದ್ಯಕ್ಕೆ ಮುನ್ನ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಕೋಚ್ ಆದ ನೀನು ನನಗೆ ಕೊಟ್ಟ ಆದೇಶ ಯಥಾವತ್ತಾಗಿ ಹೀಗಿತ್ತು: "ಅಪ್ಪಾ, ನನ್ನ ವಿಷಯದಲ್ಲಿ ನನಗೇ ನಂಬಿಕೆ ಇಲ್ಲ. ಇವನಿಗೆ ಸಾಕು ಅಂತ ನಿಮಗೆ ಅನ್ನಿಸಿದ ತಕ್ಷಣ ನನ್ನ ನಂಬರ್ ಎತ್ತಿಬಿಡಿ. ಆಮೇಲೆ ನಾನು ಎಷ್ಟೇ ಬಾಯಿ ಬಡ್ಕೊಂಡ್ರೂ ಕೇಳ್ಬೇಡಿ."

ಅದರಂತೆ ದ್ವಿತೀಯಾರ್ಧದಲ್ಲಿ, ಎರಡೂ ಕಡೆ ಒಂದೊಂದು ಗೋಲು ಇದ್ದಾಗ, ನಾನು ಎಂಟನೇ ನಂಬರ್ ಎತ್ತಿದೆ.

"ಅಪ್ಪಾ, ಇಳಿಸಿ ಅದನ್ನ!" ಎಂದು ನೀನು ಮೈದಾನದ ನಡುವಿನಿಂದ ಅರಚಿದೆ.

"ನಿನ್ನ ಮನವಿ ಏನಿದ್ದರೂ ಕೋಚ್‌ಗೆ ಸಲ್ಲಿಸು" ಎಂದೆ.

"ನಾನೇ ಕೋಚ್!"

ನಾನು ಹಲಗೆ ಇಳಿಸಲಿಲ್ಲ. ಆದೇಶ ಕೊಟ್ಟವನು ಕೋಚ್, ಕೂಗುತ್ತಿದ್ದವನು ಆಟಗಾರ. ಇಬ್ಬರಿಗೂ ಮುಖ ಒಂದೇ ಎಂಬುದು ನನ್ನ ತಪ್ಪಲ್ಲ. ಅಷ್ಟರಲ್ಲಿ ರೆಫರಿ ಓಡಿಬಂದು, "ಯಜಮಾನ್ರೇ, ಹಲಗೆ ಎತ್ತಿದೀರೋ, ಗಾಳಿ ಬೀಸ್ಕೊಳ್ತಿದೀರೋ?" ಎಂದು ಕೇಳಿದ. ಎತ್ತಿದ್ದೇನೆ ಎಂದೆ. ನೀನು ಹೊರಬಂದು, ನನ್ನ ಪಕ್ಕ ಬಿಟ್ಟು, ಬೆಂಚಿನ ಆ ತುದಿಯಲ್ಲಿ ಕೂತೆ.

ಮುಂದಿನದು ದೈವೇಚ್ಛೆ. ನಿನ್ನ ಬದಲಿಗೆ ಒಳಹೋದ ಎಲೆಕ್ಟ್ರಿಷಿಯನ್ ಬೂಟಿನ ದಾರ ಕಟ್ಟಲು ಬಗ್ಗಿದ. ಯಾರೋ ಒದ್ದ ಚೆಂಡು ಅವನ ಬೆನ್ನಿಗೆ ಬಡಿದು ಎದುರಾಳಿಯ ಗೋಲಿನೊಳಕ್ಕೆ ಹೋಯಿತು. ಏನಾಯಿತೆಂದು ಅವನಿಗೆ ಬೇರೆಯವರು ಹೇಳಬೇಕಾಯಿತು. ನಾವು ಗೆದ್ದೆವು. ಎಲ್ಲರೂ ಅವನನ್ನು ಹೊತ್ತು ಕುಣಿಯುವಾಗ ನೀನು, "ನಾನು ಹೊರಗೆ ಬಂದ್ಮೇಲೇ ಗೆದ್ರಲ್ಲ? ಇನ್ನು ಆಟಾನೂ ಬೇಡ, ಕೋಚ್ ಕೆಲಸಾನೂ ಬೇಡ" ಎಂದು ಚೀಲ ಹೆಗಲಿಗೇರಿಸಿ ಹೊರಟೆ. ಅಂದಿನಿಂದ ಮಾತಿಲ್ಲ.

ನಿನ್ನೆ ಸಂಜೆ ಗೋಲ್‌ಕೀಪರ್, ಅಂದರೆ ನಮ್ಮ ಬಸ್ ಡ್ರೈವರ್, ಮತ್ತು ಎಡಬದಿಯಲ್ಲಿ ಓಡುವ ಕ್ಷೌರಿಕ ಇಬ್ಬರೂ ಬಂದಿದ್ದರು.

"ಈ ಭಾನುವಾರ ಸೋತ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ ಯಜಮಾನ್ರೇ" ಎಂದ ಡ್ರೈವರ್. "ಕೋಚ್ ಇಲ್ದೆ ಯಾರು ಎಲ್ಲಿ ನಿಲ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ನಿನ್ನೆ ಅಭ್ಯಾಸದಲ್ಲಿ ನಮ್ಮವರಿಗೆ ನಮ್ಮವರೇ ಡಿಕ್ಕಿ ಹೊಡೆದ್ರು."

"ನೀನೇ ನಡೆಸಯ್ಯ" ಎಂದು ನಾನು ಕ್ಷೌರಿಕನಿಗೆ ಹೇಳಿದೆ.

"ನನ್ನ ಮಾತು ಯಾರು ಕೇಳ್ತಾರೆ ಸ್ವಾಮಿ? ಕತ್ತಿ ಗಂಟಲ ಹತ್ರ ಇದ್ದಾಗ ಮಾತ್ರ ಕೇಳ್ತಾರೆ."

ಆದಕಾರಣ ನನ್ನ ವಾದವಿಷ್ಟು. ಎಂಟನೇ ನಂಬರಿನವನನ್ನು ತೆಗೆದದ್ದರಿಂದಲೇ ಗೆದ್ದೆವೆಂದರೆ, ತೆಗೆಯಲು ಆದೇಶಿಸಿದ ಕೋಚ್‌ಗೆ ಕೀರ್ತಿ ಸಲ್ಲಬೇಕು. ಆಟಗಾರನಿಗೆ ಅವಮಾನವಾಯಿತೆಂದು ಕೋಚ್ ರಾಜೀನಾಮೆ ಕೊಡುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಬೆನ್ನಿನಿಂದ ಗೋಲು ಹೊಡೆಯುವವರನ್ನು ನಂಬಿ ತಂಡವನ್ನು ಬಿಡಲಾಗದು. ಭಾನುವಾರ ಕೋಚ್ ಹಾಜರಿರತಕ್ಕದ್ದೆಂದು ಪ್ರಾರ್ಥನೆ. ಎಂಟನೇ ನಂಬರಿನವನು ಆಡಬೇಕೋ ಬೇಡವೋ, ಎಷ್ಟು ಹೊತ್ತು ಆಡಬೇಕು, ಎಂಬುದನ್ನು ಕೋಚ್ ತೀರ್ಮಾನಿಸಲಿ. ನನಗೆ ಇನ್ನು ಆ ಆದೇಶ ಕೊಡಬೇಡ.

"ಚೆನ್ನಾಗೇ ಆಡ್ತಿದ್ನಲ್ಲ, ಅಪ್ಪ ಆವಾಗ್ಲೇ ಯಾಕೆ ಎತ್ತಿದ್ರು, ಅದೊಂದು ಕೇಳು" ಎಂದು ನೀನು ನಿನ್ನ ಹೆಂಡತಿಯ ಮೂಲಕ ಕೇಳಿಸಿದ್ದೀಯೆ. ಆ ಉತ್ತರವನ್ನು ಅರ್ಜಿಯ ಮೈಯಲ್ಲಿ ಬರೆಯುವ ಪದ್ಧತಿಯಿಲ್ಲ.

ಆಯುರಾರೋಗ್ಯ ನಿನಗಿರಲಿ, ವಿಶೇಷವಾಗಿ ಮೊಣಕಾಲಿಗೆ.

ವಿ.ಸೂ.: ನಾನು ಹಲಗೆ ಎತ್ತುವ ತುಸು ಮುಂಚೆ ಎದುರು ತಂಡದವನೊಬ್ಬ ನಿನ್ನನ್ನು ಕೆಡವಿದ. ಬಿದ್ದದ್ದಕ್ಕೆ ನಾನು ಹೆದರಲಿಲ್ಲ. ಇಪ್ಪತ್ತು ವರ್ಷದಿಂದ ಬೀಳುತ್ತಲೇ ಇದ್ದೀಯೆ, ಚೆಂಡಿನಂತೆ ಪುಟಿದೇಳುತ್ತಲೂ ಇದ್ದೀಯೆ. ಅವತ್ತು ಮಾತ್ರ ಬಲಗೈ ನೆಲಕ್ಕೂರಿ, ಎಡಗೈ ಮೊಣಕಾಲಿನ ಮೇಲಿಟ್ಟು, ಹಾಗೇ ಒಂದು ಉಸಿರು ಬಿಟ್ಟು, ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿ ಎದ್ದೆ. ದಿನಾ ಬೆಳಗ್ಗೆ ಮಂಚದಿಂದ ನಾನು ಏಳುವುದು ಹೀಗೆಯೇ. ನನಗೆ ಮುಪ್ಪು ಬಂದಾಗ ನಾನು ಸಂಕಟಪಡಲಿಲ್ಲ, ಮಗೂ. ನಿನಗೆ ಬಂದದ್ದನ್ನು ನೋಡಿದೆ. ನೋಡುತ್ತ ಕೂರಲಾಗಲಿಲ್ಲ, ಹಲಗೆ ಎತ್ತಿದೆ.

ಇದರೊಂದಿಗೆ ಕಳಿಸಿರುವುದನ್ನು ಕಟ್ಟಿಕೊಂಡರೆ ಮೆಟ್ಟಿಲು ಇಳಿಯಬಹುದು. ಅದಿಲ್ಲದೆ ನಾನು ಕುರ್ಚಿ ಬಿಟ್ಟು ಏಳಲಾರೆನಾದ್ದರಿಂದ, ಬೇಗ ತಂದುಕೊಡತಕ್ಕದ್ದು.

ಇಂತು ನಿನ್ನ ವಿಧೇಯ,
(ರುಜು) ಅಪ್ಪ

ಅಡಕ: ಮೊಣಕಾಲಿನ ಪಟ್ಟಿ, ಒಂದು. ಎಡಗಾಲಿನದು. ಒಗೆದದ್ದು.