ಬಿಲ್ಲಿಗೊಂದು ವಿಳಾಸ, ವಿನಾಯಿತಿಗೊಂದು ವಿಳಾಸ

ಮಾನ್ಯ ಕೌಂಟಿ ಆಸ್ತಿ ತೆರಿಗೆ ಅಧಿಕಾರಿಗಳೇ,

ನಾನು ನನ್ನ ಮನೆಯಲ್ಲಿ ವಾಸವಾಗಿಲ್ಲವೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಈ ಪತ್ರವನ್ನು ಅದೇ ಮನೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಲೆಯ ಮೇಲೆ ಕೆಂಪು ಬೀನ್ಸ್ ಬೇಯುತ್ತಿದೆ, ಮೇಜಿನ ಕೆಳಗೆ ನಾಯಿ ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದೆ. ವಾಸವಿಲ್ಲದ ಮನುಷ್ಯನ ಚಪ್ಪಲಿಗೆ ಇದು ಇಷ್ಟೇಕೆ ಅಂಟಿಕೊಂಡಿದೆಯೋ, ನಾಯಿಗೂ ತಮ್ಮ ನಿಯಮಾವಳಿ ತಿಳಿದಂತಿಲ್ಲ.

ಟೆಕ್ಸಸ್‌ನಲ್ಲಿ ಸ್ವಂತ ಮನೆಯಲ್ಲಿ ತಾನೇ ವಾಸಿಸುವವನಿಗೆ ತೆರಿಗೆಯಲ್ಲಿ ವಿನಾಯಿತಿ ಇದೆ. ಮನೆಯ ಬೆಲೆಯಲ್ಲಿ ಒಂದು ಪಾಲನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಲೆಕ್ಕ ಹಾಕುತ್ತೀರಿ. ಬಾಡಿಗೆಗೆ ಕೊಡುವವನಿಗೆ ಅದಿಲ್ಲ, ಬೀಗ ಜಡಿದು ಬೆಲೆ ಏರಲೆಂದು ಕಾಯುವವನಿಗೂ ಇಲ್ಲ. ನ್ಯಾಯವೇ. ಐವತ್ತೊಂದು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದು, ಹೋದ ವರ್ಷಕ್ಕೂ ಹಿಂದಿನ ವರ್ಷದ ವಸಂತದಲ್ಲಿ ಮೊದಲ ಸಲ ಮನೆ ಕೊಂಡ ನಾನು, ಬೀಗದ ಕೈ ಸಿಕ್ಕ ವಾರವೇ ಅರ್ಜಿ ಹಾಕಿದೆ. ಕೇಳಿದಿರೆಂದು ಡ್ರೈವಿಂಗ್ ಲೈಸೆನ್ಸಿನ ನಕಲನ್ನೂ ಲಗತ್ತಿಸಿದೆ. ಆ ಲೈಸೆನ್ಸಿನಲ್ಲಿದ್ದದ್ದು ನನ್ನ ತಾಯಿಯ ವಿಳಾಸ.

ಇದು ತಮಗೆ ವಿಚಿತ್ರವೆನ್ನಿಸಬಹುದು. ನಾನು ದುಡಿಯುವ ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಯಾರಿಗೂ ಎನ್ನಿಸುವುದಿಲ್ಲ. ಅಲ್ಲಿ ಅರ್ಧ ಜನರ ಲೈಸೆನ್ಸಿನಲ್ಲಿರುವುದು ಅಮ್ಮನ ಮನೆಯೇ. ಬಾಡಿಗೆದಾರ ಇವತ್ತು ಇಲ್ಲಿ, ಮುಂದಿನ ವರ್ಷ ಇನ್ನೆಲ್ಲೋ. ಬದಲಾಗದ ವಿಳಾಸವೊಂದು ಬೇಕಲ್ಲ, ಅದು ಅಮ್ಮನದು. ನನ್ನ ತಾಯಿ ಯೂಲಾ ಪ್ರೇಜಾನ್ ಪಕ್ಕದ ಊರಿನಲ್ಲಿ ಗಾಲಿಮನೆಗಳು ಸಾಲಾಗಿ ನಿಂತಿರುವ ಟ್ರೇಲರ್ ಪಾರ್ಕಿನಲ್ಲಿ, ಅದೇ ಜಾಗದಲ್ಲಿ, ನನಗೆ ಮೀಸೆ ಮೂಡುವ ಮೊದಲಿನಿಂದ ಇದ್ದಾಳೆ. ಲೈಸೆನ್ಸಿನ ವಿಳಾಸವೂ ಕೊಂಡ ಮನೆಯ ವಿಳಾಸವೂ ಒಂದೇ ಇರಬೇಕೆಂಬ ನಿಯಮ ಅರ್ಜಿಯಲ್ಲಿತ್ತಂತೆ. ಇತ್ತು, ಆಮೇಲೆ ನೋಡಿದೆ. ಇರುವೆಗಳು ಓದಲೆಂದು ಮುದ್ರಿಸಿದಷ್ಟು ಸಣ್ಣಕ್ಷರದಲ್ಲಿತ್ತು.

ವಿಳಾಸ ತಾಳೆಯಾಗದ್ದನ್ನು ಕಂಡ ತಮ್ಮ ಕಚೇರಿ ವಿವರಣೆ ಕೇಳಿ ಪತ್ರ ಬರೆಯಿತು. ಎಲ್ಲಿಗೆ? ಅಮ್ಮನ ಮನೆಗೆ. ಮನೆ ಕೊಂಡವರಿಗೆ ಬರುವ ಕಾಗದಗಳ ಕಥೆ ತಮಗೆ ಗೊತ್ತೇ ಇದೆ. ಹದ್ದಿನ ಮುದ್ರೆ, ಕೆಂಪಕ್ಷರದ ‘ಅಂತಿಮ ಸೂಚನೆ’, ಒಳಗೆ ನೋಡಿದರೆ ಪುಕ್ಕಟೆ ಅರ್ಜಿಗೆ ದುಡ್ಡು ಕೀಳುವ ಯಾವನೋ ದಗಾಕೋರ. ಅಂಥದ್ದು ಬಂದರೆ ಎಸೆದುಬಿಡು ಎಂದು ಅಮ್ಮನಿಗೆ ನಾನೇ ಹೇಳಿಟ್ಟಿದ್ದೆ. ಅವಳು ಎಸೆಯುವವಳಲ್ಲ. ತಮ್ಮ ಪತ್ರವನ್ನು ಮಡಿಲಲ್ಲಿ ಹರಡಿಕೊಂಡು ಅದರ ಮೇಲೆ ಪೆಕಾನ್ ಕಾಯಿ ಒಡೆದು, ಸಿಪ್ಪೆಯ ಸಮೇತ ತಿಪ್ಪೆಗೆ ಹಾಕಿದಳು. ಯಾಕಮ್ಮಾ ಹೀಗೆ ಮಾಡಿದೆ ಎಂದು ಆಮೇಲೆ ಕೇಳಿದರೆ, “ಕೌಂಟಿಯೋರು ಯಾವತ್ತಾದ್ರೂ ಕೇಳ್ತಾರೇನೋ ಮಗಾ? ಹೇಳ್ತಾರೆ, ಅಷ್ಟೆ. ಇದ್ರಲ್ಲಿ ದಯವಿಟ್ಟು ಅಂತ ಕೇಳಿದ್ರು. ಕಳ್ಳರದ್ದೇ ಇರ್ಬೇಕು ಅಂದ್ಕೊಂಡೆ” ಎಂದಳು. ಎಪ್ಪತ್ತೆಂಟು ವರ್ಷದ ಅನುಭವದ ಮಾತು. ಇದರಲ್ಲಿ ತಪ್ಪು ಯಾರದು ಎಂದು ನಾನಂತೂ ಹೇಳಲಾರೆ.

ಮೊದಲ ವರ್ಷದ ತೆರಿಗೆ ಹಗುರವಾಗಿಯೇ ಬಂತು. ಅರ್ಜಿ ಮಂಜೂರಾಯಿತೆಂದು ನನ್ನ ಹೆಂಡತಿ ರೇನೆಲ್ ಅವತ್ತು ಹಬ್ಬದಡುಗೆಯೆಂದು ಗಂಬೋ ಸಾರು ಮಾಡಿದ್ದಳು. ಅದು ನಮ್ಮ ವಿನಾಯಿತಿಯಲ್ಲ, ನಮಗೆ ಮನೆ ಮಾರಿ ಹೋದ ಮುದುಕಿಯದು, ವರ್ಷ ಮುಗಿಯುವವರೆಗೆ ಆ ಮನೆಗೇ ಉಳಿದಿತ್ತು ಎಂದು ನಮಗೆ ಯಾರು ಹೇಳಬೇಕಿತ್ತು? ತಮ್ಮ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದಿರಿ, ಮರುವರ್ಷ ಪೂರ್ತಿ ತೆರಿಗೆ ಬಿತ್ತು. ಸಾಲದ ಕಂತಿನ ಜೊತೆಗೇ ತೆರಿಗೆಯನ್ನೂ ಹಿಡಿಯುವ ಬ್ಯಾಂಕು ತಿಂಗಳ ಕಂತನ್ನು ಏರಿಸಿ, ಹಿಂದಿನ ಕೊರತೆಯನ್ನೂ ವಸೂಲಿಗೆ ಸೇರಿಸಿತು.

ರಜೆ ಹಾಕಿ, ರೇನೆಲ್‌ಳನ್ನೂ ಕರೆದುಕೊಂಡು ತಮ್ಮ ಕೌಂಟರಿಗೆ ಬಂದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಅವಳ ಮೇಲೆ ನನ್ನ ದೂರಿಲ್ಲ.

“ನೀವು ಅಲ್ಲಿ ಇದ್ರಿ ಅನ್ನೋದಕ್ಕೆ ನಮ್ಮ ಹತ್ರ ಆಧಾರ ಇಲ್ಲ ಸರ್.”

“ಮತ್ತೆ ಬಿಲ್ಲು ಎಲ್ಲಿಗೆ ಕಳ್ಸಿದ್ರಮ್ಮ?”

“ಅದು ಆಸ್ತಿಯ ವಿಳಾಸ ಸರ್. ವಾಸದ್ದು ಬೇರೆ.”

ಕರೆಂಟು, ನೀರಿನ ರಸೀದಿಗಳನ್ನು ಮುಂದಿಟ್ಟೆ. ಬೇಕಾದರೆ ಇವರ ಗೊರಕೆಗೆ ಪಕ್ಕದ ಮನೆಯವರನ್ನೇ ಸಾಕ್ಷಿಗೆ ಕರೆತರುತ್ತೇನೆ ಎಂದು ರೇನೆಲ್ ಹೇಳಿದಳು. ಹುಡುಗಿಗೆ ನಗು ಬಂತು, ಆದರೆ ನಗು ನಿಯಮದಲ್ಲಿಲ್ಲ. ಈಗ ಲೈಸೆನ್ಸು ಬದಲಿಸಿದ್ದೇನೆ. ಮುಂದಿನ ವರ್ಷದಿಂದ ನಾನು ನನ್ನ ಮನೆಯಲ್ಲಿ ವಾಸಿಸಬಹುದಂತೆ. ಕಳೆದದ್ದು ಕಳೆಯಿತಂತೆ. ಸ್ವಾಮಿ, ದುಡ್ಡು ಕೇಳುವಾಗ ತಪ್ಪದೆ ನನ್ನ ಬಾಗಿಲು ಹುಡುಕುವ ಕಚೇರಿಗೆ, ಬಿಡುವಾಗ ಮಾತ್ರ ದಾರಿ ತಪ್ಪುವುದು ಹೇಗೆ?

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ, ಅಭ್ಯಾಸವಾಗಿದೆ. ಆದರೆ ಟ್ರೇಲರ್ ಪಾರ್ಕಿನ ಮಾಲೀಕ ಜಾಗವನ್ನು ಗೋದಾಮು ಕಟ್ಟುವವರಿಗೆ ಮಾರಿದ್ದಾನೆ. ಬೇಸಿಗೆ ಮುಗಿಯುವುದರೊಳಗೆ ಎಲ್ಲರೂ ಖಾಲಿ ಮಾಡಬೇಕು. ಅಮ್ಮನ ಟ್ರೇಲರ್ ಎಳೆದರೆ ಮುರಿದುಬೀಳುವಷ್ಟು ಹಳೆಯದು. ಅವಳು ವಾಕರ್ ಹಿಡಿದು ನಡೆಯುತ್ತಾಳೆ. ಅವಳಿಗೆ ಕೊಡಬಹುದಾದ ನಮ್ಮ ಹಿಂಬದಿಯ ಕೋಣೆಯ ಬಾಗಿಲಲ್ಲಿ ವಾಕರ್ ಹಿಡಿಸುವುದಿಲ್ಲ, ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು. ಬಾಗಿಲು ಅಗಲ ಮಾಡಿಸಿ ಮೆಟ್ಟಿಲು ತೆಗೆಸಲೆಂದು ಕೂಡಿಟ್ಟದ್ದು ಈಗ ಬ್ಯಾಂಕಿನ ಪಾಲಾಯಿತು. ವೃದ್ಧಾಶ್ರಮದ ಹೆಸರನ್ನು ಅಮ್ಮನೇ ಎತ್ತಿದಳು. “ಒಂದೆರಡು ವರ್ಷ ಅಷ್ಟೇ ಬಿಡೋ, ನಾನೇನು ಶಾಶ್ವತವಾ” ಎಂದಳು. ಆ ಮಾತು ಕೇಳಿದಂದಿನಿಂದ ನನಗೆ ಅನ್ನ ರುಚಿಸುತ್ತಿಲ್ಲ. ಅವಳ ವಿಳಾಸ ಬಳಸಿಕೊಂಡೇ ಇಷ್ಟು ವರ್ಷ ಬದುಕಿದವನು ನಾನು.

ನಾನು ಕೇಳುವುದು ದಾನವಲ್ಲ. ತಿರಸ್ಕರಿಸಿದ ನನ್ನ ಅರ್ಜಿಯನ್ನು ತೆರೆಯಿರಿ, ರಸೀದಿಗಳನ್ನು ನೋಡಿರಿ, ಹೆಚ್ಚಾಗಿ ವಸೂಲಾದದ್ದನ್ನು ಬೇಸಿಗೆ ಮುಗಿಯುವ ಮೊದಲು ಹಿಂದಿರುಗಿಸಿರಿ. ಇನ್ನು ಮುಂದೆ ಮೊದಲ ಮನೆ ಕೊಂಡವರಿಗೆ ಪ್ರಶ್ನೆ ಕೇಳುವುದಿದ್ದರೆ ಬಿಲ್ಲು ಹೋಗುವ ಮನೆಗೇ ಕೇಳಿರಿ, ದೊಡ್ಡ ಅಕ್ಷರದಲ್ಲಿ ಕೇಳಿರಿ.

ಹಿಂದಿರುಗಿಸದಿದ್ದರೂ ಅಮ್ಮ ಆಶ್ರಮಕ್ಕೆ ಹೋಗುವುದಿಲ್ಲ. ನಮ್ಮ ಮಲಗುವ ಕೋಣೆ ಅವಳಿಗೆ, ಬಚ್ಚಲಿಗೆ ನಾನು ಎತ್ತಿಕೊಂಡು ಹೋಗುತ್ತೇನೆ, ನಾನೂ ರೇನೆಲ್ಲೂ ಹಜಾರದಲ್ಲಿ ಮಲಗುತ್ತೇವೆ. ಆಗ ಆ ಹಳೆಯ ಲೈಸೆನ್ಸೂ ಸುಳ್ಳಾಗುವುದಿಲ್ಲ, ಅಮ್ಮ ಎಲ್ಲಿದ್ದಾಳೋ ನಾನೂ ಅಲ್ಲೇ ಇರುತ್ತೇನೆ. ಆವತ್ತು ಯಾವ ಕಾರಣ ಹುಡುಕುತ್ತೀರಿ ಸ್ವಾಮಿ?

ಉತ್ತರವನ್ನು ಬಿಲ್ಲು ಕಳಿಸಿದ ವಿಳಾಸಕ್ಕೇ ಕಳಿಸಿ. ದಾರಿ ತಮಗೆ ಚೆನ್ನಾಗಿ ಗೊತ್ತಿದೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಇನ್ನೂ ಅಮ್ಮನ ಮನೆ ಬಿಡದ,
ವಿಲ್ಬರ್ಟ್ ಪ್ರೇಜಾನ್